ಇಂಟರ್‌ನ್ಯಾಷನಲ್ ಸೋಶಿಯಲ್ ವರ್ಕ್ ಓದಿ ಲೆಕ್ಚರರ್ ಆಗ್ಬೇಕಾ? ಎಲ್ಲಿ ಪಾಠ ಮಾಡ್ತೀರಿ ಅನ್ನೋದನ್ನ ಮೊದಲು ತೀರ್ಮಾನ ಮಾಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಮಾಸ್ಟರ್ಸ್) ಮುಗಿಸಿ ಎರಡು ವರ್ಷದಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡ್ತಿದೀನಿ. ಮುಂದೆ ಯೂನಿವರ್ಸಿಟಿಲಿ ಪಾಠ ಮಾಡ್ಬೇಕು ಅಂತ ಆಸೆ. ಇಂಗ್ಲೆಂಡಲ್ಲಿ ಒಂದು ವರ್ಷದ ಇಂಟರ್‌ನ್ಯಾಷನಲ್ ಸೋಶಿಯಲ್ ವರ್ಕ್ ಮಾಸ್ಟರ್ಸ್ ಮಾಡಿದ್ರೆ ಅಲ್ಲೇ ಸೋಶಿಯಲ್ ವರ್ಕರ್ ಆಗಬಹುದು, ಆಮೇಲೆ ಲೆಕ್ಚರರ್ ಕೂಡ ಆಗಬಹುದು ಅಂತ ಕನ್ಸಲ್ಟೆನ್ಸಿಯವರು ಹೇಳ್ತಾರೆ. ಸುಮಾರು 25 ಲಕ್ಷ ಸಾಲ ಮಾಡ್ಬೇಕಾಗುತ್ತೆ. ನಾವು ಎಸ್‌ಸಿ, ಸರ್ಕಾರದ ಸ್ಕಾಲರ್‌ಶಿಪ್ ಇದೆ ಅಂತ ಕೇಳಿದೀನಿ. ಹೋಗೋದು ಒಳ್ಳೇದಾ?

ಉತ್ತರ: ಮೊದಲು ಸಾಲದ ವಿಷಯ ಹೇಳ್ಬಿಡ್ತೀನಿ. ಆ ಕೋರ್ಸಿಗೆ ಈಗ ಸಾಲ ಮಾಡ್ಬೇಡಿ. ವಿದೇಶಕ್ಕೆ ಹೋಗ್ಬೇಡಿ ಅಂತಲ್ಲ, ಖಂಡಿತ ಹೋಗಿ, ನಿಮ್ಮಂಥವರು ಹೋಗ್ಲೇಬೇಕು, ಆದ್ರೆ ಕನ್ಸಲ್ಟೆನ್ಸಿಯವರು ಮೂರು ಬೇರೆ ಬೇರೆ ದಾರಿಗಳನ್ನ ಒಂದೇ ದಾರಿ ಅನ್ನೋ ಹಾಗೆ ಹೇಳಿದಾರೆ. ಓದೋದು ಒಂದು, ಅಲ್ಲಿ ಸೋಶಿಯಲ್ ವರ್ಕರ್ ಆಗಿ ಕೆಲಸ ಮಾಡೋ ಲೈಸೆನ್ಸು ಇನ್ನೊಂದು, ಪಾಠ ಮಾಡೋ ಕೆಲಸ ಮತ್ತೊಂದು. ಇದನ್ನ ಬಿಡಿಸಿ ನೋಡದೆ ದುಡ್ಡು ಕಟ್ಟಿಬಿಟ್ರೆ ಆಮೇಲೆ ಸರಿ ಮಾಡ್ಕೊಳ್ಳೋದು ಬಹಳ ಕಷ್ಟ.

ಇಂಗ್ಲೆಂಡಲ್ಲಿ ಸೋಶಿಯಲ್ ವರ್ಕರ್ ಅಂತ ಹೇಳ್ಕೊಳ್ಳೋಕೆ ಕಾನೂನು ಪ್ರಕಾರ ರಿಜಿಸ್ಟ್ರೇಷನ್ ಬೇಕೇ ಬೇಕು. 2019ರ ಡಿಸೆಂಬರ್‌ನಿಂದ ಇದನ್ನ ನೋಡ್ಕೊಳ್ತಿರೋದು ಸೋಶಿಯಲ್ ವರ್ಕ್ ಇಂಗ್ಲೆಂಡ್ ಅನ್ನೋ ಸಂಸ್ಥೆ, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ ಬೇರೆ ಬೇರೆ ಇವೆ. ಅಲ್ಲಿ ಓದಿ ರಿಜಿಸ್ಟರ್ ಆಗ್ಬೇಕು ಅಂದ್ರೆ ಆ ಸಂಸ್ಥೆ ಅಪ್ರೂವ್ ಮಾಡಿರೋ ಕೋರ್ಸೇ ಮಾಡಿರ್ಬೇಕು, ಅಂಥ ಮಾಸ್ಟರ್ಸ್ ಸಾಮಾನ್ಯವಾಗಿ ಎರಡು ವರ್ಷದ್ದು, ಅದ್ರಲ್ಲಿ ದೊಡ್ಡ ಪಾಲು ಪ್ಲೇಸ್‌ಮೆಂಟೇ ಇರುತ್ತೆ. ಹೆಸರಲ್ಲಿ ಇಂಟರ್‌ನ್ಯಾಷನಲ್ ಅಂತ ಇರೋ ಒಂದು ವರ್ಷದ ಕೋರ್ಸುಗಳು ಹೆಚ್ಚಾಗಿ ಥಿಯರಿ ಮತ್ತೆ ಡಿಸರ್ಟೇಶನ್ ಇರೋ ಅಕಾಡೆಮಿಕ್ ಕೋರ್ಸುಗಳು. ಚೆನ್ನಾಗೇ ಇರ್ತವೆ, ಓದೋಕೆ ಸಿಗೋದು ಬಹಳ, ಆದ್ರೆ ಮುಗಿದ ಮೇಲೆ ರಿಜಿಸ್ಟರ್‌ನಲ್ಲಿ ಹೆಸರು ಬರಲ್ಲ. ಹಾಗಾಗಿ ಕನ್ಸಲ್ಟೆನ್ಸಿಯವರನ್ನ ಒಂದೇ ಪ್ರಶ್ನೆ ಕೇಳಿ: ಈ ಕೋರ್ಸು ರೆಗ್ಯುಲೇಟರ್‌ನ ಅಪ್ರೂವ್ಡ್ ಲಿಸ್ಟಲ್ಲಿ ಇದೆಯಾ, ಇದ್ರೆ ಲಿಖಿತವಾಗಿ ಕೊಡಿ. ಲಿಸ್ಟ್ ಅವರ ವೆಬ್‌ಸೈಟಲ್ಲೇ ಇದೆ, ನೀವೇ ಐದು ನಿಮಿಷದಲ್ಲಿ ನೋಡ್ಬಹುದು.

ಇನ್ನೊಂದು ವಿಷಯ ಅವರು ನಿಮಗೆ ಹೇಳಿರಲ್ಲ. ನಿಮ್ಮ ಹತ್ರ ಈಗಾಗ್ಲೇ ಇರೋ ಎಂಎಸ್‌ಡಬ್ಲ್ಯೂ ಇಟ್ಕೊಂಡೇ, ವಿದೇಶದಲ್ಲಿ ಓದಿದವರು ಅನ್ನೋ ದಾರಿಯಲ್ಲಿ ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕ್ಬಹುದು. ಅವರು ಕೋರ್ಸನ್ನ, ಫೀಲ್ಡ್ ವರ್ಕನ್ನ, ಕೆಲಸದ ಅನುಭವನ ಹೋಲಿಸಿ ನೋಡ್ತಾರೆ. ಸುಲಭ ಅಂತ ಹೇಳಲ್ಲ, ಆದ್ರೆ 25 ಲಕ್ಷಕ್ಕಿಂತ ಎಷ್ಟೋ ಕಮ್ಮಿ ಖರ್ಚು. ವೀಸಾ ಲೆಕ್ಕನೂ ನೋಡಿ: ಮಾಸ್ಟರ್ಸ್ ಮುಗಿಸಿದೋರಿಗೆ ಸಿಗ್ತಿದ್ದ ಎರಡು ವರ್ಷದ ಗ್ರಾಜುಯೇಟ್ ವೀಸಾನ 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳಿಗೆ ಇಳಿಸಿದಾರೆ. ಹದಿನೆಂಟು ತಿಂಗಳಲ್ಲಿ ರಿಜಿಸ್ಟ್ರೇಷನ್ ಇಲ್ಲದ ಡಿಗ್ರಿ ಇಟ್ಕೊಂಡು ಸ್ಪಾನ್ಸರ್ ಮಾಡೋ ಕೆಲಸ ಹುಡುಕಿ, ಸಾಲನೂ ತೀರಿಸ್ಬೇಕು ಅಂದ್ರೆ ಎಷ್ಟು ಒತ್ತಡ ಅಂತ ಯೋಚನೆ ಮಾಡಿ.

ಈಗ ನಿಮ್ಮ ನಿಜವಾದ ಆಸೆಗೆ ಬರೋಣ, ಪಾಠ ಮಾಡೋ ಕೆಲಸ.

ನಾನು ಅಮೆರಿಕದಲ್ಲಿ ಸೋಶಿಯಲ್ ವರ್ಕ್ ವಿಭಾಗದಲ್ಲಿ ಪಾಠ ಮಾಡ್ತೀನಿ, ಅಧ್ಯಾಪಕರನ್ನ ಆರಿಸೋ ಸರ್ಚ್ ಕಮಿಟಿಗಳಲ್ಲಿ ಕೂತಿದೀನಿ, ಹಾಗಾಗಿ ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ಇಂಟರ್‌ನ್ಯಾಷನಲ್ ಸೋಶಿಯಲ್ ವರ್ಕ್ ಪ್ರೊಫೆಸರ್ ಬೇಕಾಗಿದಾರೆ ಅಂತ ಜಾಹೀರಾತು ಬರೋದು ಅಪರೂಪದಲ್ಲಿ ಅಪರೂಪ. ಬರೋದು ಹೀಗೆ: ಚೈಲ್ಡ್ ವೆಲ್‌ಫೇರ್ ಗೊತ್ತಿರೋರು ಬೇಕು, ಮಾನಸಿಕ ಆರೋಗ್ಯ ಗೊತ್ತಿರೋರು ಬೇಕು, ವೃದ್ಧಾಪ್ಯದ ಬಗ್ಗೆ, ವ್ಯಸನದ ಬಗ್ಗೆ, ಕಮ್ಯುನಿಟಿ ಪ್ರಾಕ್ಟೀಸ್ ಬಗ್ಗೆ ಕೆಲಸ ಮಾಡಿರೋರು ಬೇಕು, ಕೊನೇಲಿ ಒಂದು ಸಾಲು, ಜಾಗತಿಕ ದೃಷ್ಟಿಕೋನ ಇದ್ರೆ ಒಳ್ಳೇದು ಅಂತ. ಅಂದ್ರೆ ಇಂಟರ್‌ನ್ಯಾಷನಲ್ ಅನ್ನೋದು ನಿಮ್ಮ ವಿಷಯದ ಮೇಲೆ ಸೇರೋ ಬಲ, ಅದೇ ವಿಷಯ ಅಲ್ಲ. ವಿಷಯ ನಿಮಗೆ ಈಗಾಗ್ಲೇ ಇದೆ, ಮಕ್ಕಳ ರಕ್ಷಣೆ. ಅದನ್ನ ಬಿಟ್ಟು ಬರೀ ಲೇಬಲ್‌ಗೆ ಯಾಕೆ ದುಡ್ಡು ಕೊಡ್ತೀರಿ ಅನ್ನೋದೇ ನನ್ನ ಪ್ರಶ್ನೆ.

ಅಮೆರಿಕದಲ್ಲಿ ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಕೋರ್ಸುಗಳಿಗೆ ಮಾನ್ಯತೆ ಕೊಡೋದು ಸಿಎಸ್‌ಡಬ್ಲ್ಯೂಇ ಅನ್ನೋ ಕೌನ್ಸಿಲ್, 1952ರಿಂದ ಇದೆ. ಪಿಎಚ್‌ಡಿಗೆ ಅವರು ಮಾನ್ಯತೆ ಕೊಡಲ್ಲ. ಆದ್ರೆ ಅವರ ಒಂದು ನಿಯಮ ನಮ್ಮವರಿಗೆ ಬಹಳ ಜನಕ್ಕೆ ಗೊತ್ತಿಲ್ಲ: ಪ್ರಾಕ್ಟೀಸ್ ಕೋರ್ಸುಗಳನ್ನ, ಅಂದ್ರೆ ವ್ಯಕ್ತಿ, ಕುಟುಂಬ, ಗುಂಪಿನ ಜೊತೆ ಹೇಗೆ ಕೆಲಸ ಮಾಡ್ಬೇಕು ಅಂತ ಕಲಿಸೋ ಪೇಪರ್‌ಗಳನ್ನ ಪಾಠ ಮಾಡೋರಿಗೆ ಮಾನ್ಯತೆ ಇರೋ ಎಂಎಸ್‌ಡಬ್ಲ್ಯೂ ಇರ್ಬೇಕು, ಅದಾದ್ಮೇಲೆ ಕನಿಷ್ಠ ಎರಡು ವರ್ಷ ಫೀಲ್ಡಲ್ಲಿ ಕೆಲಸ ಮಾಡಿರ್ಬೇಕು. ಎಷ್ಟು ದೊಡ್ಡ ಪಿಎಚ್‌ಡಿ ಇದ್ರೂ ಇದಿಲ್ಲ ಅಂದ್ರೆ ಪಾಲಿಸಿ, ರಿಸರ್ಚ್ ಪೇಪರ್‌ಗಳು ಮಾತ್ರ ಕೊಡ್ಬಹುದು, ಸಣ್ಣ ವಿಭಾಗಗಳಲ್ಲಿ ಅಷ್ಟಕ್ಕೇ ಒಬ್ಬರನ್ನ ತಗೊಳ್ಳೋಕಾಗಲ್ಲ. ಕಮಿಟಿಲಿ ನಾವು ಸಿವಿ ಕೈಗೆ ತಗೊಂಡಾಗ ಮೊದಲನೇ ಪುಟದಲ್ಲೇ ಹುಡುಕೋದು ಇದನ್ನೇ. ಇಂಡಿಯಾದ ಎಂಎಸ್‌ಡಬ್ಲ್ಯೂ ಆದ್ರೆ ಸಿಎಸ್‌ಡಬ್ಲ್ಯೂಇಯಲ್ಲೇ ವಿದೇಶಿ ಸೋಶಿಯಲ್ ವರ್ಕ್ ಡಿಗ್ರಿಗಳನ್ನ ಪರಿಶೀಲಿಸಿ ಸಮಾನ ಅಂತ ಒಪ್ಪೋ ಒಂದು ವಿಭಾಗ ಇದೆ, ಅಲ್ಲಿಂದ ಒಪ್ಪಿಗೆ ಬಂದ್ರೆ ಅಲ್ಲಿನ ಎಂಎಸ್‌ಡಬ್ಲ್ಯೂ ಇದ್ದ ಹಾಗೇ ಲೆಕ್ಕ. ಹಾಗಾಗಿ ನಿಮ್ಮ ಎರಡು ವರ್ಷದ ಗುತ್ತಿಗೆ ಕೆಲಸ, ಸಂಬಳ ಎಷ್ಟೇ ಕಮ್ಮಿ ಇರ್ಲಿ, ಇಲ್ಲಿ ನಿಮ್ಮ ದೊಡ್ಡ ಆಸ್ತಿ.

ಇಲ್ಲೇ ಒಂದು ತೊಡಕಿದೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಕರ್ನಾಟಕದಿಂದ ಬಂದವರು ಪದೇಪದೇ ಸಿಕ್ಕಿಹಾಕ್ಕೊಳ್ಳೋದು ಇದ್ರಲ್ಲೇ. ಅಮೆರಿಕದಲ್ಲಿ ಎಂಎಸ್‌ಡಬ್ಲ್ಯೂಗೆ ಕನಿಷ್ಠ 900 ಗಂಟೆ ಫೀಲ್ಡ್ ವರ್ಕ್, ಆಸ್ಟ್ರೇಲಿಯಾದಲ್ಲಿ ಅಲ್ಲಿನ ಸೋಶಿಯಲ್ ವರ್ಕರ್‌ಗಳ ಸಂಘ ಎಎಎಸ್‌ಡಬ್ಲ್ಯೂ ಪ್ರಕಾರ 1000 ಗಂಟೆ. ನಮ್ಮಲ್ಲೂ ಕಮ್ಮಿ ಇರಲ್ಲ, ವಾರಕ್ಕೆ ಎರಡು ದಿನ ಏಜೆನ್ಸಿಗೆ ಹೋಗ್ತೀವಿ, ರೂರಲ್ ಕ್ಯಾಂಪ್ ಇರುತ್ತೆ, ಕೊನೇಲಿ ಬ್ಲಾಕ್ ಪ್ಲೇಸ್‌ಮೆಂಟ್ ಇರುತ್ತೆ, ಪ್ರತಿ ವಾರ ಐಸಿ, ಜಿಸಿ ಅಂತ ಮೇಷ್ಟ್ರ ಜೊತೆ ಒಬ್ಬೊಬ್ಬರಾಗಿ, ಗುಂಪಾಗಿ ಚರ್ಚೆ, ರಿಪೋರ್ಟ್ ಬರೆದು ಬರೆದು ಕೈ ನೋಯುತ್ತೆ. ಆದ್ರೆ ಇದೆಲ್ಲ ಮಾರ್ಕ್ಸ್ ಕಾರ್ಡಲ್ಲಿ ಹೇಗೆ ಬರುತ್ತೆ? ಸೋಶಿಯಲ್ ವರ್ಕ್ ಪ್ರಾಕ್ಟಿಕಮ್ ಅಂತ ಒಂದೇ ಸಾಲು, ಪಕ್ಕದಲ್ಲಿ ನೂರಕ್ಕೆ ಇಷ್ಟು ಮಾರ್ಕ್ಸು, ಮುಗೀತು. ಗಂಟೆ ಎಲ್ಲೂ ಇಲ್ಲ, ಏಜೆನ್ಸಿ ಹೆಸರಿಲ್ಲ, ಸೂಪರ್‌ವೈಸರ್ ಯಾರು ಅಂತಿಲ್ಲ. ವಿದೇಶದಲ್ಲಿ ಪರಿಶೀಲನೆ ಮಾಡೋರು ಕೇಳೋದು ಇದನ್ನೇ. ನಾಲ್ಕು ವರ್ಷ ಬಿಟ್ಟು ಹೋಗಿ ಡಿಪಾರ್ಟ್‌ಮೆಂಟಲ್ಲಿ ಕೇಳಿದ್ರೆ ಹಳೇ ರಿಪೋರ್ಟ್ ಎಲ್ಲ ವಿಲೇವಾರಿ ಆಗಿರುತ್ತೆ, ಎಚ್‌ಒಡಿ ರಿಟೈರ್ ಆಗಿರ್ತಾರೆ, ಏಜೆನ್ಸಿ ಸೂಪರ್‌ವೈಸರ್ ಎಲ್ಲಿಗೋ ಟ್ರಾನ್ಸ್‌ಫರ್.

ಅದಕ್ಕೆ ಈಗ್ಲೇ ಹೋಗಿ ಒಂದು ಲೆಟರ್ ತಗೊಳ್ಳಿ. ಲೆಟರ್‌ಹೆಡ್ ಮೇಲೆ, ಪ್ರತಿ ಸೆಮಿಸ್ಟರ್‌ಗೂ ಬೇರೆ ಬೇರೆ ಸಾಲು: ಯಾವ ಏಜೆನ್ಸಿ, ಯಾವ ತಾರೀಖಿಂದ ಯಾವ ತಾರೀಖಿಗೆ, ಒಟ್ಟು ಎಷ್ಟು ಗಂಟೆ, ಏಜೆನ್ಸಿಲಿ ಸೂಪರ್‌ವೈಸ್ ಮಾಡಿದ್ದು ಯಾರು, ಅವರ ಕ್ವಾಲಿಫಿಕೇಶನ್ ಎಂಎಸ್‌ಡಬ್ಲ್ಯೂನಾ ಅಲ್ವಾ, ನೀವು ಮಾಡಿದ ಕೆಲಸ ಏನು, ಕೇಸ್ ವರ್ಕಾ ಗ್ರೂಪ್ ವರ್ಕಾ. ಸಹಿ, ಸೀಲು. ಜೊತೆಗೆ ನೀವು ಓದಿದ ವರ್ಷಗಳ ಸಿಲಬಸ್ ಪೂರ್ತಿ, ಯೂನಿವರ್ಸಿಟಿ ದೃಢೀಕರಿಸಿದ ಪ್ರತಿ. ನಿಮ್ಮ ಆಫೀಸಿಂದಲೂ ಸರ್ವಿಸ್ ಸರ್ಟಿಫಿಕೇಟಲ್ಲಿ ಬರೀ ಹುದ್ದೆ ಹೆಸರು ಬೇಡ, ಮಾಡಿದ ಕೆಲಸದ ವಿವರ ಬರೆಸ್ಕೊಳ್ಳಿ. ಮನೆ ಭೇಟಿ, ಸಾಮಾಜಿಕ ತನಿಖಾ ವರದಿ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಪಡಿಸಿದ್ದು, ಪೋಷಕರ ಜೊತೆ ಕೌನ್ಸೆಲಿಂಗ್, ಎಲ್ಲ.

ಸ್ಪೆಷಲೈಸೇಶನ್ ಎಚ್‌ಆರ್ ತಗೊಂಡಿದ್ರೆ ಮಾತ್ರ ಇದು ಇನ್ನೂ ಕಷ್ಟ. ಕಾರ್ಖಾನೆಗಳಲ್ಲಿ 500 ಜನ ಕಾರ್ಮಿಕರಿದ್ರೆ ವೆಲ್‌ಫೇರ್ ಆಫೀಸರ್ ಇರ್ಲೇಬೇಕು ಅಂತ 1948ರ ಫ್ಯಾಕ್ಟರೀಸ್ ಆಕ್ಟ್ ಹೇಳಿದ್ದರಿಂದ ನಮ್ಮಲ್ಲಿ ಎಂಎಸ್‌ಡಬ್ಲ್ಯೂ ಮಾಡಿ ಎಚ್‌ಆರ್‌ಗೆ ಹೋಗೋ ದಾರಿ ದೊಡ್ಡದಾಗಿ ಬೆಳೀತು, ತಪ್ಪೇನಿಲ್ಲ, ಎಷ್ಟೋ ಮನೆ ಬೆಳಗಿದೆ. ಆದ್ರೆ ವಿದೇಶದಲ್ಲಿ ಫ್ಯಾಕ್ಟರಿ ಪರ್ಸನಲ್ ಡಿಪಾರ್ಟ್‌ಮೆಂಟಲ್ಲಿ ಮಾಡಿದ ಫೀಲ್ಡ್ ವರ್ಕನ್ನ ಸೋಶಿಯಲ್ ವರ್ಕ್ ಅಂತ ಒಪ್ಪಿಸೋದು ಬಹಳ ಕಷ್ಟ. ನಿಮ್ಮದು ಯಾವ ಸ್ಪೆಷಲೈಸೇಶನ್ ಅಂತ ಬರೆದಿಲ್ಲ, ಕಮ್ಯುನಿಟಿ ಅಥವಾ ಮೆಡಿಕಲ್ ಅಂಡ್ ಸೈಕಿಯಾಟ್ರಿಕ್ ಆಗಿದ್ರೆ ಆರಾಮ.

ಇನ್ನು ಪಿಎಚ್‌ಡಿ. ಯೂನಿವರ್ಸಿಟಿಲಿ ಕಾಯಂ ಅಧ್ಯಾಪಕರಾಗ್ಬೇಕು ಅಂದ್ರೆ ಕೊನೆಗೂ ಇದೇ ಬೇಕು, ಎರಡನೇ ಮಾಸ್ಟರ್ಸ್ ಅಲ್ಲ. ಮತ್ತೆ ಒಳ್ಳೇ ಸುದ್ದಿ ಏನಂದ್ರೆ ಪಿಎಚ್‌ಡಿಗೆ ನೀವು ದುಡ್ಡು ಕೊಡೋದಲ್ಲ, ಅವರೇ ನಿಮಗೆ ಕೊಡೋದು. ಅಮೆರಿಕದ ಒಳ್ಳೇ ಪ್ರೋಗ್ರಾಮ್‌ಗಳಲ್ಲಿ ಫೀಸ್ ಮಾಫಿ, ತಿಂಗಳಿಗೆ ಸ್ಟೈಪೆಂಡ್, ಅದಕ್ಕೆ ಬದಲಾಗಿ ವಾರಕ್ಕೆ 20 ಗಂಟೆ ರಿಸರ್ಚ್ ಅಥವಾ ಟೀಚಿಂಗ್ ಅಸಿಸ್ಟೆಂಟ್ ಕೆಲಸ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಬ್ರೌನ್ ಸ್ಕೂಲ್, ಬಾಸ್ಟನ್ ಕಾಲೇಜ್ ಇಂಥ ಕಡೆ ಬೇರೆ ದೇಶಗಳ ಮೇಲೆ ಕೆಲಸ ಮಾಡೋ ಅಧ್ಯಾಪಕರು ಜಾಸ್ತಿ. ಅರ್ಜಿ ಹೆಚ್ಚಿನ ಕಡೆ ಡಿಸೆಂಬರ್, ಜನವರಿಯಲ್ಲಿ ಮುಗಿಯುತ್ತೆ. ಸ್ವೀಡನ್‌ನಲ್ಲಿ ಪಿಎಚ್‌ಡಿ ಅಂದ್ರೆ ಸಂಬಳದ ಕೆಲಸವೇ, ಖಾಲಿ ಹುದ್ದೆ ಅಂತ ಜಾಹೀರಾತು ಬರುತ್ತೆ, ಫೀಸ್ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ಹಾಂಗ್‌ಕಾಂಗ್ ಪಿಎಚ್‌ಡಿ ಫೆಲೋಶಿಪ್ ಅಂತ 2009ರಿಂದ ಇದೆ, ಮೊತ್ತ ಚೆನ್ನಾಗಿದೆ, ನಮ್ಮವರು ಅರ್ಜಿ ಹಾಕೋದು ಕಮ್ಮಿ, ಯಾಕೋ ಗೊತ್ತಿಲ್ಲ. ಆಸ್ಟ್ರೇಲಿಯಾ, ಇಂಗ್ಲೆಂಡಲ್ಲಿ ಮೊದಲು ಸೂಪರ್‌ವೈಸರ್ ಒಪ್ಪಬೇಕು, ಪ್ರಪೋಸಲ್ ಕೈಯಲ್ಲಿರಬೇಕು, ಆಮೇಲೆ ಸ್ಕಾಲರ್‌ಶಿಪ್. ಜರ್ಮನಿಲಿ ಸೋಶಿಯಲ್ ವರ್ಕ್ ಹೆಚ್ಚಾಗಿ ಅಪ್ಲೈಡ್ ಸೈನ್ಸಸ್ ಯೂನಿವರ್ಸಿಟಿಗಳಲ್ಲಿದೆ, ಅವುಗಳಲ್ಲಿ ಬಹಳಷ್ಟಕ್ಕೆ ಸ್ವಂತವಾಗಿ ಡಾಕ್ಟರೇಟ್ ಕೊಡೋ ಹಕ್ಕಿಲ್ಲ, ಪಾಠನೂ ಬಹುಪಾಲು ಜರ್ಮನ್‌ನಲ್ಲೇ, ಹಾಗಾಗಿ ಅದನ್ನ ನಾನು ನಿಮಗೆ ಮೊದಲ ಆಯ್ಕೆ ಅಂತ ಹೇಳಲ್ಲ.

ಇಲ್ಲ ಸರ್, ನನಗೆ ಮೊದಲು ಹೊರಗೆ ಮಾಸ್ಟರ್ಸೇ ಮಾಡ್ಬೇಕು ಅಂದ್ರೆ ಎರಾಸ್ಮಸ್ ಮುಂಡಸ್ ನೋಡಿ, ಹಲವು ದೇಶಗಳ ಯೂನಿವರ್ಸಿಟಿಗಳು ಸೇರಿ ನಡೆಸೋ, ಯುರೋಪಿಯನ್ ಒಕ್ಕೂಟ ದುಡ್ಡು ಕೊಡೋ ಮಾಸ್ಟರ್ಸ್ ಅದು. ಸೋಶಿಯಲ್ ವರ್ಕ್ ವಿತ್ ಫ್ಯಾಮಿಲೀಸ್ ಅಂಡ್ ಚಿಲ್ಡ್ರನ್ ಅಂತ ಎಂಫ್ಯಾಮಿಲಿ ಅನ್ನೋ ಕೋರ್ಸ್ ಇದೆ, ಲಿಸ್ಬನ್, ಗೋಥೆನ್‌ಬರ್ಗ್, ಸ್ಟವಾಂಗರ್ ಮತ್ತು ಉಗಾಂಡಾದ ಮಕೆರೆರೆ ಯೂನಿವರ್ಸಿಟಿಗಳು ಸೇರಿ ಶುರು ಮಾಡಿದ್ದು, ನಿಮ್ಮ ವಿಷಯಕ್ಕೆ ಸರಿಯಾಗಿ ಕೂರುತ್ತೆ. ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ, 24 ತಿಂಗಳವರೆಗೆ. ಈ ವರ್ಷ ಯಾವ ಯೂನಿವರ್ಸಿಟಿಗಳು ಸೇರಿವೆ, ಸ್ಕಾಲರ್‌ಶಿಪ್ ಸೀಟು ತೆರೆದಿದೆಯಾ ಅಂತ ಅವರ ವೆಬ್‌ಸೈಟಲ್ಲಿ ನೋಡ್ಕೊಂಡು ಹಾಕಿ. ಸ್ಪರ್ಧೆ ಜೋರಾಗಿರುತ್ತೆ, ಆದ್ರೆ ಸಾಲ ಮಾಡೋ ಮೊದಲು ಇದಕ್ಕೆ ಒಂದ್ಸಲ ಹಾಕದೇ ಇರೋದು ಅನ್ಯಾಯ.

ಸರ್ಕಾರದ ಸ್ಕಾಲರ್‌ಶಿಪ್ ನೀವು ಕೇಳಿದ್ದು ನಿಜ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ವರ್ಷಕ್ಕೆ 125 ಸೀಟು, ಅದ್ರಲ್ಲಿ 115 ಎಸ್‌ಸಿಗೆ, ಮಾಸ್ಟರ್ಸ್‌ಗೂ ಪಿಎಚ್‌ಡಿಗೂ ಸಿಗುತ್ತೆ. ವಯಸ್ಸು 35ರ ಒಳಗೆ, ಕುಟುಂಬದ ಆದಾಯ 8 ಲಕ್ಷದ ಒಳಗೆ, 60 ಪರ್ಸೆಂಟ್ ಮಾರ್ಕ್ಸ್, ಯೂನಿವರ್ಸಿಟಿ ಕ್ಯೂಎಸ್ ರ‍್ಯಾಂಕಿಂಗಲ್ಲಿ 500ರ ಒಳಗೆ. ಒಂದು ಕಡೆ ಮಾತ್ರ ಹುಷಾರಾಗಿರಿ: 2022-23ರ ಗೈಡ್‌ಲೈನಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಭಾರತದ ಸಮಾಜದ ಅಧ್ಯಯನ ಇಂಥ ವಿಷಯಗಳಿಗೆ ಕೊಡಲ್ಲ ಅಂತ ಸೇರಿಸಿದ್ರು. ಇದು ಸೋಶಿಯಲ್ ವರ್ಕ್ ಓದೋ ದಲಿತ ವಿದ್ಯಾರ್ಥಿಗಳಿಗೆ ನೇರವಾಗಿ ಹೊಡೆತ, ತಮ್ಮ ಸಮಾಜದ ಬಗ್ಗೆನೇ ಸಂಶೋಧನೆ ಮಾಡ್ತೀನಿ ಅಂದ್ರೆ ದುಡ್ಡಿಲ್ಲ ಅನ್ನೋದು ತಪ್ಪು ಅಂತ ಆಗಲೇ ಬಹಳ ಜನ ವಿರೋಧ ಮಾಡಿದ್ರು, ನನಗೂ ಹಾಗೇ ಅನ್ಸುತ್ತೆ. ನೀವು ಅರ್ಜಿ ಹಾಕೋ ವರ್ಷದ ಗೈಡ್‌ಲೈನನ್ನ ಸಾಲು ಸಾಲು ಓದಿ, ಪ್ರಪೋಸಲ್ ಬರೆಯೋವಾಗ ಅದನ್ನ ಪಕ್ಕದಲ್ಲಿಟ್ಕೊಳ್ಳಿ. ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಹಾವೇರಿಯ ಜಿಲ್ಲಾ ಕಚೇರಿಲಿ ವಿಚಾರಿಸಿ, ಎರಡಕ್ಕೂ ತಯಾರಿ ಮಾಡಿ.

ವಾಪಸ್ ಬಂದು ಇಲ್ಲೇ ಪಾಠ ಮಾಡ್ತೀನಿ ಅಂದ್ರೆ ಲೆಕ್ಕ ಬೇರೆ. ಯುಜಿಸಿ 2018ರ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಮಾಸ್ಟರ್ಸಲ್ಲಿ 55 ಪರ್ಸೆಂಟ್, ಎಸ್‌ಸಿ, ಎಸ್‌ಟಿಗೆ 50, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದ್ರೆ ಕೇಂದ್ರದ ನೆಟ್ ಅಥವಾ ರಾಜ್ಯದ ಕೆಸೆಟ್. ವಿದೇಶದ ಪಿಎಚ್‌ಡಿ ಆದ್ರೆ ಆ ಯೂನಿವರ್ಸಿಟಿ ಕ್ಯೂಎಸ್, ಟೈಮ್ಸ್ ಅಥವಾ ಶಾಂಘೈ ರ‍್ಯಾಂಕಿಂಗಲ್ಲಿ ಮೊದಲ 500ರಲ್ಲಿ ಇದ್ರೆ ನೆಟ್ ಬೇಡ. ಶುರುವಿನ ಮೂಲ ವೇತನ 57,700. ಕೇಳೋಕೆ ಚೆನ್ನಾಗಿದೆ, ಆದ್ರೆ ನಿಮಗೂ ಗೊತ್ತು, ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಳೆಯೋರು ಎಷ್ಟು ಜನ ಅಂತ. ವಿದೇಶದ ಒಂದು ವರ್ಷದ ಮಾಸ್ಟರ್ಸ್ ಈ ಸಾಲಲ್ಲಿ ನಿಮ್ಮನ್ನ ಮುಂದಕ್ಕೆ ಕರ್ಕೊಂಡು ಹೋಗಲ್ಲ. ಇಂಗ್ಲೆಂಡಿನ ಒಂದು ವರ್ಷದ ಮಾಸ್ಟರ್ಸನ್ನ ಒಪ್ಪೋ ಒಪ್ಪಂದ 2022ರ ಜುಲೈನಲ್ಲಿ ಆಗಿದೆ ನಿಜ, ಆದ್ರೆ ಅದು ನಿಮಗೆ ಈಗಾಗ್ಲೇ ಇರೋ ಅರ್ಹತೆನೇ ಇನ್ನೊಂದ್ಸಲ ಕೊಡುತ್ತೆ ಅಷ್ಟೇ.

ಅದಕ್ಕೇ ನಾನು ನೆಟ್‌ಗೆ ಒತ್ತು ಕೊಡೋದು. ಸೋಶಿಯಲ್ ವರ್ಕ್ ಕೋಡ್ 10, ವರ್ಷಕ್ಕೆ ಎರಡು ಸಲ. ಅದ್ರಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಬಂದ್ರೆ ತಿಂಗಳಿಗೆ 37,000 ಸಿಗುತ್ತೆ, ಇಲ್ಲೇ ಒಳ್ಳೇ ಗೈಡ್ ಹತ್ರ ಪಿಎಚ್‌ಡಿಗೆ ಸೇರ್ಬಹುದು, ಸೇರಿದ ಮೇಲೆ ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ರಿಸರ್ಚ್ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕದ ಯೂನಿವರ್ಸಿಟಿಲಿ ಕೂತು ಕೆಲಸ ಮಾಡಿ ಬರ್ಬಹುದು. ಎಲ್ಲರೂ ಹೊರಗಿನ ಪಿಎಚ್‌ಡಿನೇ ಮಾಡ್ಬೇಕು ಅಂತೇನಿಲ್ಲ, ಮನೇಲಿ ತಂದೆತಾಯಿ ನೋಡ್ಕೋಬೇಕಾದವರಿಗೆ ಇದು ಬಹಳ ಗೌರವದ ದಾರಿ.

ಅಮೆರಿಕದ ಬಗ್ಗೆ ಇನ್ನೊಂದು ಮಾತು. ಎಂಎಸ್‌ಡಬ್ಲ್ಯೂ ಸ್ಟೆಮ್, ಅಂದ್ರೆ ವಿಜ್ಞಾನ-ತಂತ್ರಜ್ಞಾನ ವಿಷಯಗಳ ಲಿಸ್ಟಲ್ಲಿಲ್ಲ, ಹಾಗಾಗಿ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡೋಕೆ ಸಿಗೋ ಅನುಮತಿ, ಒಪಿಟಿ, 12 ತಿಂಗಳು ಮಾತ್ರ, ಸಾಫ್ಟ್‌ವೇರ್ ಹುಡುಗರಿಗೆ ಸಿಗೋ ಮೂರು ವರ್ಷ ನಿಮಗೆ ಸಿಗಲ್ಲ. ಯೂನಿವರ್ಸಿಟಿಗಳಿಗೆ ಎಚ್‌1ಬಿ ಅನ್ನೋ ಕೆಲಸದ ವೀಸಾಗೆ ಲಾಟರಿ ಇಲ್ಲ ಅನ್ನೋದು ಅಧ್ಯಾಪಕರಿಗೆ ಅನುಕೂಲ, ಆದ್ರೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂದ ಮೇಲೆ ಹೊರದೇಶದಲ್ಲಿ ಕೂತಿರೋರನ್ನ ನೇರವಾಗಿ ಕರೆಸೋಕೆ ವಿಭಾಗಗಳು ಹಿಂದೆಮುಂದೆ ನೋಡ್ತವೆ. ಅಲ್ಲೇ ಪಿಎಚ್‌ಡಿ ಮಾಡಿದೋರಿಗೆ ದಾರಿ ಇನ್ನೂ ಸಲೀಸು. ಹುದ್ದೆ ಜಾಹೀರಾತು ಆಗಸ್ಟ್‌ನಿಂದ ಶುರು, ಶರತ್ಕಾಲದಲ್ಲಿ ಸಿಎಸ್‌ಡಬ್ಲ್ಯೂಇ ವಾರ್ಷಿಕ ಸಭೆ, ಜನವರಿಯಲ್ಲಿ ಸೋಶಿಯಲ್ ವರ್ಕ್ ಸಂಶೋಧಕರ ಸಂಘ ಎಸ್‌ಎಸ್‌ಡಬ್ಲ್ಯೂಆರ್‌ನ ಸಮ್ಮೇಳನ, ಅಭ್ಯರ್ಥಿಗಳನ್ನ ವಿಭಾಗದವರು ಮೊದಲು ನೋಡಿ ಮಾತಾಡ್ಸೋದು ಹೆಚ್ಚಾಗಿ ಅಲ್ಲೇ.

ಇಂಥ ಒಂದು ಆಯ್ಕೆಯಲ್ಲಿ ನಮ್ಮ ದೇಶದ ಒಬ್ಬ ಅಭ್ಯರ್ಥಿ, ಒಡಿಶಾ ಕಡೆಯವರು, ಜಾಬ್ ಟಾಕ್ (ಆಯ್ಕೆಗೆ ಮುಂಚೆ ವಿಭಾಗದವರ ಮುಂದೆ ಮಾಡೋ ಉಪನ್ಯಾಸ) ಕೊಟ್ಟಿದ್ದು ನೆನಪಿದೆ. ಸ್ಲೈಡ್ ತುಂಬಾ ದೊಡ್ಡ ಥಿಯರಿ ಹೇಳ್ತಿದ್ದಷ್ಟು ಹೊತ್ತೂ ಕೂತವರು ಸುಮ್ಮನೆ ಕೇಳ್ತಿದ್ರು. ಆಮೇಲೆ ಒಬ್ರು ನೀವು ಫೀಲ್ಡಲ್ಲಿ ಮಾಡ್ತಿದ್ದಿದ್ದೇನು ಅಂತ ಕೇಳಿದ್ರು. ಅವರು ಸ್ಲೈಡ್ ಬಿಟ್ಟು, ಮನೆ ಬಿಟ್ಟು ಓಡಿ ಬಂದ ಮಗುನ ರೈಲ್ವೆ ಪ್ಲಾಟ್‌ಫಾರ್ಮಲ್ಲಿ ಹೇಗೆ ಮಾತಾಡಿಸ್ತಾರೆ, 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೇಗೆ ಹಾಜರು ಮಾಡ್ಬೇಕು, ಮಗು ಮನೆಗೆ ಹೋಗಲ್ಲ ಅಂದ್ರೆ ಆ ವರದಿಲಿ ಏನು ಬರೀತಾರೆ, ಅಪ್ಪ ಬಂದು ಗಲಾಟೆ ಮಾಡಿದ್ರೆ ಏನು ಮಾಡ್ತಾರೆ ಅಂತ ಹೇಳೋಕೆ ಶುರು ಮಾಡಿದ್ರು. ಪೂರ್ತಿ ರೂಮ್ ಎದ್ದು ಕೂತ ಹಾಗಾಯ್ತು. ಪ್ರಶ್ನೆ ಮೇಲೆ ಪ್ರಶ್ನೆ. ಅವರಿಗೇ ಆ ಕೆಲಸ ಸಿಕ್ತು. ನಿಮ್ಮ ಹತ್ರ ಇರೋದು ಇದೇ, ಮತ್ತೆ ಇದು ಯಾವ ಒಂದು ವರ್ಷದ ಕೋರ್ಸಲ್ಲೂ ಸಿಗಲ್ಲ.

ಸಂಶೋಧನೆಗೆ ವಿಷಯ ಹುಡುಕೋಕೆ ದೂರ ಹೋಗ್ಬೇಕಾಗೂ ಇಲ್ಲ. ಇಂಟರ್‌ನ್ಯಾಷನಲ್ ಸೋಶಿಯಲ್ ವರ್ಕ್ ಅಂದ್ರೆ ಹೊರದೇಶಕ್ಕೆ ಹೋಗಿ ಮಾಡೋದು ಮಾತ್ರ ಅಲ್ಲ, ಗಡಿ ದಾಟಿದ ಜನ, ಗಡಿ ದಾಟಿದ ಕಾನೂನು ನಮ್ಮೂರಿನ ಕೇಸಲ್ಲಿ ಬಂದಾಗ ಮಾಡೋ ಕೆಲಸನೂ ಅದೇ. ನಿಮ್ಮ ಘಟಕದ ಮೂಲಕನೇ ಹೋಗೋ ಅಂತರದೇಶೀಯ ದತ್ತು ನೋಡಿ: 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿ ಸೇರಿದ್ದು, ದತ್ತು ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಕಾರಾ ಮೂಲಕ ಮಗು ಇಟಲಿಗೋ ಸ್ಪೇನ್‌ಗೋ ಹೋಗುತ್ತೆ, ಆಮೇಲಿನ ಫಾಲೋಅಪ್ ವರದಿಗಳು ವಾಪಸ್ ಬರ್ತವೆ. ಅವನ್ನ ನಮ್ಮ ಜಿಲ್ಲೆಗಳಲ್ಲಿ ಯಾರು ಓದ್ತಾರೆ, ಓದಿ ಏನು ಮಾಡ್ತಾರೆ? ಹಾವೇರಿಗೆ ಹತ್ತಿರದಲ್ಲೇ ಮುಂಡಗೋಡದ ಟಿಬೆಟಿಯನ್ ಕ್ಯಾಂಪ್, 1966ರಿಂದ ಇದೆ, ಯುವಕರು ಯುರೋಪ್, ಅಮೆರಿಕಕ್ಕೆ ಹೋಗಿ ವಯಸ್ಸಾದವರು ಉಳೀತಿದಾರೆ, ಅವರನ್ನ ನೋಡ್ಕೊಳ್ಳೋ ವ್ಯವಸ್ಥೆ ಹೇಗಿದೆ? ಕರಾವಳಿಲಿ ಅಪ್ಪ ಗಲ್ಫಲ್ಲಿ ಇರೋ ಮನೆಗಳ ಮಕ್ಕಳು. ಇವುಗಳಲ್ಲಿ ಒಂದನ್ನ ಹಿಡಿದ್ರೆ ಎಲ್ಲಿಯ ಸೂಪರ್‌ವೈಸರ್ ಆದ್ರೂ ಉತ್ತರ ಬರೀತಾರೆ. ಕನ್ನಡದಲ್ಲಿ ಸಂದರ್ಶನ ಮಾಡೋಕೆ ಬರುತ್ತೆ ಅನ್ನೋದು ಪ್ರಪೋಸಲ್‌ನಲ್ಲಿ ಎದ್ದು ಕಾಣೋ ಹಾಗೆ ಬರೀರಿ. ವಿದೇಶದ ಎಥಿಕ್ಸ್ ಕಮಿಟಿಗಳು ಒಪ್ಪಿಗೆ ಪತ್ರನ ಕನ್ನಡದಲ್ಲಿ ಮಾಡಿಸಿ, ಬೇರೆಯವರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ ಅಂತ ಕೇಳೋದುಂಟು, ಆ ಕೆಲಸ ನೀವೇ ನಿಂತು ಮಾಡಿಸಬಲ್ಲಿರಿ.

ಪೇಪರ್ ಪ್ರಕಟಣೆ ಬಗ್ಗೆ ಚಿಕ್ಕದಾಗಿ: ಎರಡು ಮೂರು ಸಾವಿರ ತಗೊಂಡು ವಾರದಲ್ಲಿ ಹಾಕೋ ಜರ್ನಲ್‌ಗಳಿಗೆ ಕೊಡ್ಬೇಡಿ. ಒಪ್ಪಿತ ಜರ್ನಲ್‌ಗಳ ಪಟ್ಟಿಯಾಗಿದ್ದ ಯುಜಿಸಿ ಕೇರ್ ಲಿಸ್ಟೂ 2025ರ ಫೆಬ್ರವರಿಲಿ ನಿಂತುಹೋಯ್ತು, ಈಗ ಗುಣಮಟ್ಟ ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮದೇ. ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ (ಟಿಸ್)ನಿಂದ 1940ರಿಂದ ಬರ್ತಿರೋ ಇಂಡಿಯನ್ ಜರ್ನಲ್ ಆಫ್ ಸೋಶಿಯಲ್ ವರ್ಕ್‌ಗೆ ಒಂದೇ ಒಂದು ಲೇಖನ ಕಳಿಸಿ, ತಿರಸ್ಕಾರ ಆದ್ರೂ ರಿವ್ಯೂನಲ್ಲಿ ಸಿಗೋ ಪಾಠ ದೊಡ್ಡದು.

ಈ ತಿಂಗಳು ಡಿಪಾರ್ಟ್‌ಮೆಂಟಿಗೆ ಹೋಗಿ ಆ ಗಂಟೆಗಳ ಲೆಟರ್ ತನ್ನಿ, ನೆಟ್ ಫಾರ್ಮ್ ತುಂಬಿ. ಆಮೇಲೆ ಮಕ್ಕಳ ರಕ್ಷಣೆ ಮೇಲೆ ಬರೀತಿರೋ ನಾಲ್ಕೈದು ಅಧ್ಯಾಪಕರ ಇತ್ತೀಚಿನ ಲೇಖನ ಓದಿ ಇಮೇಲ್ ಮಾಡಿ. ಇಮೇಲ್ ಹತ್ತು ಸಾಲು ದಾಟದಿರ್ಲಿ. ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಇಂಟರೆಸ್ಟೆಡ್ ಅಂತ ಎಲ್ಲರಿಗೂ ಒಂದೇ ಕಳಿಸಿದ್ರೆ ಯಾರೂ ಓದಲ್ಲ. ಅವರ ಯಾವ ಲೇಖನ ಓದಿದ್ರಿ, ಅದು ನಿಮ್ಮ ಘಟಕದಲ್ಲಿ ನೀವು ಕಂಡ ಯಾವ ಸಮಸ್ಯೆಗೆ ತಾಗುತ್ತೆ, ನೀವು ಕೇಳ್ಬೇಕು ಅಂತಿರೋ ಪ್ರಶ್ನೆ ಏನು, ಇಷ್ಟು ಬರೆದು ಸಿವಿ ಲಗತ್ತಿಸಿ. ಮಕ್ಕಳ ಹೆಸರು, ಊರು ಯಾವುದೂ ಬರ್ದಿರ್ಬಾರದು, ಅದನ್ನ ಎರಡು ಸಲ ನೋಡಿ ಆಮೇಲೆ ಕಳಿಸಿ.